ಒದ್ದೆ ಎಲೆಯ ಲೆಕ್ಕದಲ್ಲಿ ಕೊಂಡ ದೋಣಿ

ನಮ್ಮ ಮನೆಮಂದಿ ಪೈಕಾರದ ಕೆರೆಯಲ್ಲಿ ಒಂಬತ್ತು ಸಲ ದೋಣಿ ಹತ್ತಿದ್ದಾರೆ. ಒಂಬತ್ತು ಸಲವೂ ನಾನು ದಡದಲ್ಲಿ ಕೂತು ಚಪ್ಪಲಿ ಕಾದಿದ್ದೇನೆ. ಇದಕ್ಕೆಲ್ಲ ಕಾರಣ ನನ್ನ ಮಾವ ನಂಜಪ್ಪ. ಕಾಲಿಗೆ ಚಪ್ಪಲಿ ಹಾಕಿಕೊಂಡು ನೀರಿನ ಮೇಲೆ ಹೋದರೆ ಗಂಗಮ್ಮನಿಗೆ ಅವಮಾನ ಅನ್ನುವುದು ಅವರ ಕಾನೂನು. ಬಿಚ್ಚಿಟ್ಟ ಚಪ್ಪಲಿ ಕಾಯಲು ಒಬ್ಬರು ಬೇಕೇ ಬೇಕು, ಯಾಕೆಂದರೆ ಒಮ್ಮೆ ಅವರ ಎಡಗಾಲಿನ ಚಪ್ಪಲಿಯನ್ನು ಕೋತಿಯೊಂದು ಎತ್ತಿಕೊಂಡು ಹೋಗಿ, ಮರದ ಮೇಲೆ ಕೂತು, ಅವರ ಕಣ್ಣೆದುರೇ ಅರ್ಧ ತಿಂದಿತ್ತು. ಮೊದಲು ಅತ್ತೆ ಜೋಗಮ್ಮ ಕಾಯುತ್ತಿದ್ದರಂತೆ. ಹದಿನಾಲ್ಕು ವರ್ಷದ ಹಿಂದೆ ನಾನು ಸೊಸೆಯಾಗಿ ಬಂದೆ, ಅತ್ತೆಗೆ ದೋಣಿಗೆ ಬಡ್ತಿ ಸಿಕ್ಕಿತು.

ಹಾಗಾಗಿ ನನ್ನ ಗಂಡ ಉಮೇಶ್ ಒಂದು ಸಂಜೆ, ಗಾಳಿ ತುಂಬುವ ದೋಣಿ ತರಿಸೋಣ, ಮನೆಮಂದಿಗೆ ಸ್ವಂತದ್ದೇ ಇರಲಿ ಅಂದಾಗ ಕೇಳದೆಯೇ ಅವರಿಗೆ ಎರಡನೇ ಲೋಟ ಟೀ ಕೊಟ್ಟೆ. ಸ್ವಂತ ದೋಣಿಗೆ ಟಿಕೆಟ್ ಇಲ್ಲ, ಸಾಲು ಇಲ್ಲ, ಕೋತಿಗಳೂ ಇಲ್ಲ. ನೀರಿಗೂ ದೂರ ಹೋಗಬೇಕಿಲ್ಲ. ನಮ್ಮ ಹಟ್ಟಿಯ ಕೆಳಗೆ ರಾಜಾಮಣಿಯವರ ಎಲೆ ಶೆಡ್ ಇದೆ. ಸಣ್ಣ ಬೆಳೆಗಾರರಾದ ನಾವು ಕಿತ್ತ ಹಸಿ ಚಹಾ ಎಲೆಯನ್ನು ಅವರು ಅಲ್ಲಿ ತೂಕ ಹಾಕಿ ಫ್ಯಾಕ್ಟರಿಗೆ ಕಳಿಸುತ್ತಾರೆ. ಶೆಡ್ಡಿನ ಹಿಂದೆ ಅವರು ಕ್ಯಾರೆಟ್ ಹೊಲಕ್ಕೆಂದು ತೋಡಿಸಿದ ಕೊಳದಲ್ಲಿ ಸೊಂಟದುದ್ದ ನೀರು. ನನಗೆ ಅಷ್ಟು ಸಾಕಿತ್ತು.

ಮೂರು ಸಂಜೆ ಉಮೇಶ್ ಫೋನಿನಲ್ಲಿ ದೋಣಿ ನೋಡಿದರು. ನೋಡಿದ್ದು ಹೆಚ್ಚು, ಅರ್ಥವಾದದ್ದು ಕಮ್ಮಿ. ಎಲ್ಲಕ್ಕಿಂತ ಅಗ್ಗದ್ದು ಸಿಕ್ಕಿತು ಅಂತ ಕುಣಿದಾಡಿದರು, ಅದಕ್ಕೆ ಬಾತುಕೋಳಿಯ ತಲೆ ಇತ್ತು, ಮೂರು ವರ್ಷದೊಳಗಿನವರಿಗೆ ಮಾತ್ರ ಅಂತ ಬರೆದಿತ್ತು. ಇನ್ನೊಂದಕ್ಕೆ ಹಾಕಿದ್ದ ಅಭಿಪ್ರಾಯಗಳನ್ನು ನಮ್ಮ ಮಗಳು ಕೀರ್ತನಾ ಗಟ್ಟಿಯಾಗಿ ಓದಿದಳು. ಯಾರೋ ಒಬ್ಬರು ಐದು ನಕ್ಷತ್ರ ಕೊಟ್ಟು, ಇನ್ನೂ ನೀರಿಗೆ ಇಳಿಸಿಲ್ಲ, ಬಣ್ಣ ಮಾತ್ರ ತುಂಬಾ ಚೆನ್ನಾಗಿದೆ ಅಂತ ಬರೆದಿದ್ದರು. ಆ ಮನುಷ್ಯನ ಮಾತು ಉಮೇಶ್‌ಗೆ ಹಿಡಿಸಿತು.

"ಇದ ತರಿಸೋನ. ರೇಟು ಕಮ್ಮಿ. ನಾಲ್ಕು ಜನ ಕೂರ್ಲಕ್ಕು," ಅಂದರು.

"ಎಂಗ ಐದು ಜನ," ಅಂದೆ, ನನ್ನನ್ನೂ ಎಣಿಸಿ.

"ಒಬ್ಬರು ಚಪ್ಪಲ್ ನೋಡಬೇಕಲ್ಲ," ಅಂದರು, ತಲೆಯೆತ್ತದೆ.

ನನಗೆ ಮೈಯೆಲ್ಲ ಉರಿಯಿತು. ನಾನು ಕೂರದ ದೋಣಿ ಈ ಮನೆಯ ಹೊಸಿಲು ದಾಟುವುದಿಲ್ಲ, ದಾಟಿದರೆ ಅದರಲ್ಲಿ ಆಲೂಗಡ್ಡೆ ಹಾಕಿಡುತ್ತೇನೆ ಅಂದೆ. ಐದು ಜನರ ದೋಣಿಗೆ ಬೆಲೆ ಎರಡರಷ್ಟಿತ್ತು. ಮಾವ ತಲೆಯ ಮುಂಡಾಸು ಸರಿಮಾಡಿಕೊಂಡು, ಆ ನಾಲ್ಕು ಜನರ ದೋಣಿ ಎಷ್ಟು ಕಿಲೋ ತಡೆಯುತ್ತದೆ ಅಂತ ಕೇಳಿದರು. ಮುನ್ನೂರು, ಅಂದಳು ಕೀರ್ತನಾ.

"ಮತ್ತೆ ಎನ್ನ? ಎಲೆಯ ಎಣಿಸಿ ಮಾರಿನವಾ? ಜನವ ಯಾಕ ಎಣಿಸ್ತ? ತೂಕ ಹಾಕು," ಅಂದರು ಮಾವ.

ಮರುದಿನ ಜಡಿಮಳೆ. ಎಲೆ ತುಂಬಿದ ಚೀಲಗಳ ಜೊತೆ ನಾವು ಐವರೂ ನೆಂದುಕೊಂಡೇ ಶೆಡ್ಡಿಗೆ ಹೋದೆವು. ಅಲ್ಲಿರುವುದು ತೊಲೆಗೆ ನೇತುಹಾಕಿದ ಕೊಕ್ಕೆ ತಕ್ಕಡಿ. ನಿಂತರೆ ತೂಕ ಬಾರದು, ನೇತಾಡಬೇಕು. ಒಬ್ಬೊಬ್ಬರೇ ಎಲೆ ಚೀಲದೊಳಗೆ ಕೂತೆವು, ಉಮೇಶ್ ಮತ್ತು ರಾಜಾಮಣಿ ಎತ್ತಿ ಕೊಕ್ಕೆಗೆ ಸಿಕ್ಕಿಸಿದರು. ಮಾವ ಅರವತ್ತೆಂಟು. ಅತ್ತೆ ಅರವತ್ತೊಂದು, ನೇತಾಡುತ್ತಲೇ ಅವರು ಇನ್ನೊಂದು ಸಲ ತೂಗು ಅಂದರು, ಖುಷಿಗೆ. ಉಮೇಶ್ ಎಂಬತ್ತನಾಲ್ಕು. ಕೀರ್ತನಾ ನಲವತ್ತೆಂಟು. ನಾನು ಎಪ್ಪತ್ತೆರಡು, ಇಡೀ ಶೆಡ್ಡಿಗೆ ಕೇಳುವಂತೆ.

ರಾಜಾಮಣಿ ನೋಟ್‌ಬುಕ್ಕಿನಲ್ಲಿ ಕೂಡಿಸಿದರು. ಮುನ್ನೂರ ಮೂವತ್ತಮೂರು. ಆದರೆ ಅವರ ಪೆನ್ನು ನಿಲ್ಲಲಿಲ್ಲ.

"ಮಳೆ ಎಲೆ. ಹತ್ತು ಪರ್ಸೆಂಟ್ ತಣ್ಣಿ ಕಟ್," ಅಂತ ಗೊಣಗುತ್ತ ಕಳೆದರು. ಎಲೆಯ ಮೇಲಿನ ನೀರಿಗೆ ತೂಕ ಕೊಡಲಾಗದು ಅಂತ ಮಳೆಗಾಲದಲ್ಲಿ ಅವರು ಹೀಗೆಯೇ ಕಳೆಯುವುದು. "ಇನ್ನೂರ ತೊಂಬತ್ತೊಂಬತ್ತು ಪಾಯಿಂಟ್ ಏಳು. ಪಾಯಿಂಟ್ ಬಿಟ್ಟಿನೆ. ಇನ್ನೂರ ತೊಂಬತ್ತೊಂಬತ್ತು."

ಈ ಕಟ್ ಅನ್ಯಾಯ ಅಂತ ಮಾವ ಮೂವತ್ತು ವರ್ಷದಿಂದ ಆ ಮನುಷ್ಯನ ಜೊತೆ ಜಗಳವಾಡಿದವರು. ಅವತ್ತು ಎದ್ದು ಹೋಗಿ ರಾಜಾಮಣಿಯವರ ಕೈ ಹಿಡಿದುಕೊಂಡರು. ಇನ್ನೂ ಒಂದು ಕಿಲೋ ಜಾಗ ಉಳಿದಿದೆ, ಅದಕ್ಕೆ ಬೋಂಡಾ ತೆಗೆದುಕೊಂಡು ಹೋಗಬಹುದು ಅಂದರು ಅತ್ತೆ. ಅದು ತಪ್ಪು ಲೆಕ್ಕ ಅಂತ ನನಗೂ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ, ಯಾಕೆಂದರೆ ಆ ಲೆಕ್ಕದಲ್ಲಿ ನನಗೊಂದು ಜಾಗವಿತ್ತು.

ಹತ್ತು ದಿನಕ್ಕೆ ದೋಣಿ ಬಂತು. ಬಣ್ಣ ನಿಜವಾಗಿಯೂ ಚೆನ್ನಾಗಿತ್ತು. ಭಾನುವಾರ ಬೆಳಿಗ್ಗೆ, ಚುರುಗುಟ್ಟುವ ಬಿಸಿಲಿನಲ್ಲಿ, ಕೊಳದ ದಡದಲ್ಲಿ ಉಮೇಶ್ ಕಾಲಿನಿಂದ ಪಂಪು ಒತ್ತಿ ಒತ್ತಿ ಅದನ್ನು ಉಬ್ಬಿಸಿದರು. ಆ ದಡದ ತುಂಬ ರಾಜಾಮಣಿ ಕವಾತು ಮಾಡಿ ಕತ್ತರಿಸಿದ ಚಹಾ ಗಿಡದ ಕಡ್ಡಿ ಹರಡಿದ್ದರು, ಮಣ್ಣು ಕೊಚ್ಚಿಹೋಗದಿರಲಿ ಅಂತ. ಚಪ್ಪಲಿ ಬಿಟ್ಟರೆ ಕಾಲಿಗೆ ಸೂಜಿ ಚುಚ್ಚಿದಂತಾಗುತ್ತದೆ. ಆದರೂ ಮಾವನ ಕಾನೂನು ಕಾನೂನೇ. ಐದೂ ಜೊತೆಯನ್ನು ಒಂದು ಎಲೆ ಚೀಲಕ್ಕೆ ಹಾಕಿದೆವು, ಅದನ್ನು ರಾಜಾಮಣಿ ನೋಡಿಕೊಳ್ಳುತ್ತೇನೆ ಅಂದರು. ಮಾವ ಹತ್ತಿದರು, ಅತ್ತೆ ಹತ್ತಿದರು, ಕೀರ್ತನಾ ಹತ್ತಿದಳು, ಉಮೇಶ್ ಬೋಂಡಾ ಹಿಡಿದುಕೊಂಡು ಹತ್ತಿದರು. ಕೊನೆಗೆ ನಾನು ಹತ್ತಿ ಕೂತೆ. ಕೊಳ ದೋಣಿಯೊಳಗೆ ಬಂತು.

ದಡದ ಮೊಣಕಾಲುದ್ದ ನೀರಿನಲ್ಲಿ ಎಲ್ಲರೂ ಅಲುಗಾಡದೆ ಕೂತಿದ್ದೆವು. ಬೋಂಡಾ ತೇಲಿತು.

"ಎನ್ನಾತು? ಇನ್ನೂರ ತೊಂಬತ್ತೊಂಬತ್ತು ಅಲ್ಲವಾ?" ಅಂದರು ಮಾವ.

ರಾಜಾಮಣಿ ಆಕಾಶ ನೋಡಿದರು. "ಇಂದು ಬಿಸಿಲು, ಅಣ್ಣ. ಬಿಸಿಲಿಗ ಕಟ್ ಇಲ್ಲೆ. ಇಂದು ನೀವು ಮುನ್ನೂರ ಮೂವತ್ತಮೂರೇ."

ಮಾವ ತಲೆಯಾಡಿಸಿದರು. ಅವರಿಗೆ ಅದು ನ್ಯಾಯವಾಗಿ ಕಂಡಿತು. ಆಮೇಲೆ ನಾಲ್ಕು ಜನರೂ ನನ್ನ ಕಡೆ ನೋಡಿದರು.

"ಒಂದು ಮಳೆ ಬರಲಿ, ನಿನ್ನೂ ಕೂರಿಸಿನೆ," ಅಂದರು ಉಮೇಶ್, ತುಂಬಾ ಪ್ರೀತಿಯಿಂದ.

ನನಗೆ ಅಳು ಬಂತು. ಸಿಟ್ಟಿನ ಅಳು. ಇಳಿದೆ. ನೀರು ಚೆಲ್ಲಬೇಕೆಂದು ಅವರೂ ಇಳಿದರು, ನಾಲ್ವರೂ ಸೇರಿ ದೋಣಿಯನ್ನು ಮಗುಚಿ, ಖಾಲಿ ಮಾಡಿ, ಮತ್ತೆ ನೀರಿಗೆ ತಳ್ಳಿದರು. ಚುಚ್ಚುವ ಕಡ್ಡಿಗಳ ಮೇಲೆ ಬರಿಗಾಲಿನಲ್ಲಿ ಒಬ್ಬರ ಭುಜ ಒಬ್ಬರು ಹಿಡಿದು ಸುಧಾರಿಸಿಕೊಳ್ಳುತ್ತಿದ್ದರು. ರಾಜಾಮಣಿ ಬಂದು ಚಪ್ಪಲಿಯ ಚೀಲವನ್ನು ನನ್ನ ಕೈಗೆ ಕೊಟ್ಟರು, ಅದು ನನ್ನದೇ ಕೆಲಸ ಅನ್ನುವಂತೆ. ನಾನು ಚೀಲ ಹಿಡಿದುಕೊಂಡು ಖಾಲಿ ದೋಣಿಯಲ್ಲಿ ಕೂತು, ಹುಟ್ಟುಗೋಲಿನಿಂದ ದಡವನ್ನು ಒಂದು ಸಲ ಜೋರಾಗಿ ನೂಕಿದೆ.

ದೋಣಿ ಒಳ್ಳೆಯದೇ. ಒಬ್ಬರಿಗೆ ತುಂಬಾ ಆರಾಮ. ಎರಡು ಹುಟ್ಟು ಹಾಕುವಷ್ಟರಲ್ಲಿ ಕೊಳದ ನಡುವೆ ಇದ್ದೆ. ದಡದಲ್ಲಿ ನಾಲ್ವರೂ ಒಂಟಿಗಾಲಲ್ಲಿ ನಿಂತಿದ್ದರು, ಕಾಲು ಬದಲಾಯಿಸುತ್ತ.

"ಚಪ್ಪಲ್?" ಅಂದರು ಮಾವ.

"ಕಾಲಿಗ ಹಾಕಿಲ್ಲೆ ಮಾಮ. ಕಾಯ್ತ ಇದ್ದನೆ," ಅಂದೆ.

ಅವರು ಯೋಚಿಸಿದರು. ಕಾನೂನು ಎಲ್ಲೂ ಮುರಿದಿರಲಿಲ್ಲ. ಅತ್ತೆ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಲುಕುಲು ನಗುತ್ತಿದ್ದರು.

ಎಷ್ಟು ಹೊತ್ತು ಅಂತ ಉಮೇಶ್ ಕೂಗಿ ಕೇಳಿದರು. ಪೈಕಾರದಲ್ಲಿ ಒಂದು ಸವಾರಿ ಇಪ್ಪತ್ತು ನಿಮಿಷ, ನಾನು ಕಾದದ್ದು ಒಂಬತ್ತು ಸಲ.

"ಮೂರು ಗಂಟೆ. ಇಂದು ಬಿಸಿಲು, ಕಟ್ ಇಲ್ಲೆ," ಅಂದೆ.