ಗುತ್ಯಪ್ಪ ನುಂಗಿಕೊಂಡ ಮಾತು

ಕೊಡಲಿಯ ಮೊದಲ ಏಟಿಗೇ ಚಟ್ಟದ ಬಲಗಡೆಯ ಬಿದಿರು ಸೀಳಿತು. ಎರಡನೆಯ ಏಟಿಗೆ ಬಂಗಾರಪ್ಪ ಕೈಯೆತ್ತುವಷ್ಟರಲ್ಲಿ ಹುಚ್ಚರಾಯಪ್ಪ ಅವನ ಮೇಲೆ ಹಾರಿದ. ಇಬ್ಬರೂ ಅಂಗಳದ ಮರದ ಪುಡಿಯಲ್ಲಿ ಉರುಳಾಡಿದರು. ಚಟ್ಟ ಕಟ್ಟುತ್ತಿದ್ದ ನಾಲ್ಕು ಜನ ಹಗ್ಗ ಕೈಯಲ್ಲೇ ಹಿಡಿದುಕೊಂಡು ಹಿಂದಕ್ಕೆ ಸರಿದರು. ಹುಚ್ಚರಾಯಪ್ಪನ ಕೈಗೆ ಗಾಡಿಯ ಗಾಲಿಗೆಂದು ಕೆತ್ತಿಟ್ಟಿದ್ದ ಮತ್ತಿಮರದ ತುಂಡೊಂದು ಸಿಕ್ಕಿತು. ಅದರಿಂದ ಬಂಗಾರಪ್ಪನ ಮುಖಕ್ಕೆ ಎರಡು ಬಾರಿಸಿದ. ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು.

"ಬಿಡಿಸ್ರೋ ಯಾರಾದ್ರೂ! ಹೆಣದ ಮುಂದೆ ಇನ್ನೊಂದು ಹೆಣ ಬೀಳ್ತೈತಿ!" ಎಂದು ಊಟದ ಮನೆಯ ರಾಜೇಶ್ವರಮ್ಮ ಕೂಗಿದಳು.

ಹೆಣ ಜಗಲಿಯ ಮೇಲಿತ್ತು. ಗುತ್ಯಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿ, ಗಲ್ಲಕ್ಕೆ ಬಟ್ಟೆ ಕಟ್ಟಿ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಹಿಂದಿನ ದಿನ ಮಧ್ಯಾಹ್ನ ಗಾಲಿಗೆ ಕಾದ ಕಬ್ಬಿಣದ ಪಟ್ಟಿ ತೊಡಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅರವತ್ತೆರಡು ವರ್ಷ. ಶಿಕಾರಿಪುರದಲ್ಲಿ ಸೊರಬದ ರಸ್ತೆಗೆ ಮುಖಮಾಡಿದ್ದ ಆ ಮನೆಯ ಅಂಗಳದಲ್ಲಿ ಬೆಳಿಗ್ಗೆಯಿಂದಲೂ ಎರಡು ತಾಲ್ಲೂಕಿನ ಜನ ಸೇರಿದ್ದರು. ಬಂಗಾರಪ್ಪ ಜಡೆಯಿಂದ ಬಂದವನು. ಕೊಡಲಿಯನ್ನು ಗೋಣಿಚೀಲದಲ್ಲಿ ಸುತ್ತಿ ತಂದಿದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಬಸ್ಸುಗಳ ಯಜಮಾನ ಮಹೇಶ್ವರಪ್ಪನ ಇಬ್ಬರು ಡ್ರೈವರುಗಳು ಹುಚ್ಚರಾಯಪ್ಪನನ್ನು ಎಳೆದು ನಿಲ್ಲಿಸಿದರು. ಸತ್ತವನ ಒಬ್ಬನೇ ಮಗ ಅವನು. ಮೀಸೆಯ ತುಂಬ ಮರದ ಪುಡಿ, ಕಣ್ಣಿನ ತುಂಬ ನೀರು. ಸಿಟ್ಟಿನ ನೀರು ಯಾವುದು, ದುಃಖದ ನೀರು ಯಾವುದು ಎಂದು ಆ ಹೊತ್ತಿನಲ್ಲಿ ಅವನನ್ನು ಕೇಳಿದ್ದರೆ ಕೇಳಿದವನಿಗೂ ಎರಡು ಬೀಳುತ್ತಿತ್ತು.

ಬಂಗಾರಪ್ಪ ಎದ್ದು ನಿಂತ. ಕೊಡಲಿಯನ್ನು ಮಾತ್ರ ಬಿಟ್ಟಿರಲಿಲ್ಲ.

"ನಂಗೆ ಒಂದೇ ಒಂದು ಮಾತು ಬೇಕು" ಎಂದ. "ನನ್ನ ಗಾಣ ಅವತ್ತು ಸತ್ತಿತ್ತೋ, ಬದುಕಿತ್ತೋ? ಅದನ್ನ ಹೇಳಿ ಇವರನ್ನ ಎತ್ತಿ. ಹೇಳ್ದೆ ಎತ್ತಿದ್ರೆ ಎತ್ತಿದ ಕೈ ಕಡೀತೀನಿ."

"ಏ ಬಂಗಾರಪ್ಪ, ನಿನ್ನ ಅಕ್ಕಿ ಗಿರಣಿ ಚಲೋ ನಡದೈತಿ. ಊಟಕ್ಕೇನು ಕಮ್ಮಿ ಆಗೇತಿ ನಿನಗ?" ಎಂದ ಮಹೇಶ್ವರಪ್ಪ.

"ಗಿರಣಿ ಮಾತು ಯಾರು ಆಡಿದ್ರು ಇಲ್ಲಿ? ನಾ ಕೇಳ್ತಿರದು ಕೈ ಮಾತು!"

ಯಾವ ಕೈ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

*

ಗುತ್ಯಪ್ಪನ ಕಸುಬು ಗಾಲಿ ಮಾಡುವುದು. ಆದರೆ ಎರಡು ತಾಲ್ಲೂಕಿನ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದುದು ಬೇರೆ ಕೆಲಸಕ್ಕೆ. ಅಂಗಡಿಯೋ ಗಾಣವೋ ಆಲೆಮನೆಯೋ ನಾಲ್ಕು ವರ್ಷ ಚೆನ್ನಾಗಿ ಬೆಳೆದು, ಆಮೇಲೆ ಏನು ಮಾಡಿದರೂ ಒಂದು ಗೇಣು ಮೇಲೇಳದೆ ನಿಂತುಬಿಟ್ಟಾಗ, ಇದನ್ನೇ ಹಿಡಿದುಕೊಂಡಿರಬೇಕೋ ಬಿಟ್ಟು ಬೇರೆಗೆ ಕೈಹಾಕಬೇಕೋ ಎಂದು ತಲೆಕೆಟ್ಟವರು ಅವನ ಹತ್ತಿರ ಬರುತ್ತಿದ್ದರು. ಅವನು ಜಾತಕ ನೋಡುತ್ತಿರಲಿಲ್ಲ, ನಿಮಿತ್ತ ಕೇಳುತ್ತಿರಲಿಲ್ಲ. ಕಸುಬಿನ ಸಾಮಾನು ಎಲ್ಲಿ ಎಷ್ಟು ಸವೆದಿದೆ ಎಂದು ನೋಡುತ್ತಿದ್ದ. ನೋಡಿ ಮುಗಿಸುವ ತನಕ ಮನೆಯವರು ಯಾರೂ ತುಟಿ ಬಿಚ್ಚಬಾರದು. ಅದು ಅವನ ಕಟ್ಟಳೆ.

"ಮನುಷ್ಯ ತನಗೆ ಬೇಕಾದಂಗೆ ಹೇಳ್ತಾನ. ಮರಕ್ಕೆ ಆ ಬುದ್ಧಿ ಇಲ್ಲ" ಎನ್ನುತ್ತಿದ್ದ.

ಮಹೇಶ್ವರಪ್ಪನಿಗೆ ಆಗ ಹನ್ನೆರಡು ಎತ್ತಿನಗಾಡಿ. ಆರು ವರ್ಷದಿಂದಲೂ ಹನ್ನೆರಡೇ. ಗುತ್ಯಪ್ಪ ಹನ್ನೆರಡು ಗಾಡಿಯ ಅಚ್ಚುಗಳನ್ನೂ ಬಿಚ್ಚಿಸಿ ಬೆರಳಾಡಿಸಿ ನೋಡಿದ. ಎಲ್ಲವೂ ಒಂದೇ ಸಮ ಸವೆದಿದ್ದವು.

"ಇವು ದುಡಿಯೋಷ್ಟು ದುಡಿದಾವ. ಎತ್ತು ಇದಕ್ಕಿಂತ ಜೋರು ನಡಿಯಂಗಿಲ್ಲ, ಹಗಲು ಇದಕ್ಕಿಂತ ಉದ್ದ ಆಗಂಗಿಲ್ಲ. ಹದಿಮೂರನೇದು ಕಟ್ಟಿದ್ರ ಹದಿಮೂರು ಕಡೆ ತಲಿ ಕೆಡಿಸ್ಕೋತಿ, ಅಷ್ಟ. ಬಸ್ಸು ತಗೋ" ಎಂದ. ಎಂದವನೇ ಕೊಡಲಿ ತರಿಸಿ ಮಹೇಶ್ವರಪ್ಪನ ಕೈಗೆ ಕೊಟ್ಟ. ಒಂದು ಗಾಡಿಯನ್ನಾದರೂ ಯಜಮಾನ ತನ್ನ ಕೈಯಾರೆ, ನಾಲ್ಕು ಜನರ ಎದುರು ಒಡೆಯಬೇಕು. ಹಳೆಯದು ಮನೆಯಲ್ಲಿದ್ದರೆ ಮನಸ್ಸು ಅಲ್ಲಿಗೇ ಹೋಗುತ್ತದೆ ಎಂಬುದು ಅವನ ನಂಬಿಕೆ. ಗಾಲಿ ಮಾರಿ ಬದುಕುವವನೇ ಗಿರಾಕಿಯ ಗಾಡಿ ಒಡೆಸಿದ್ದನ್ನು ನೋಡಿ ಊರು ನಕ್ಕಿತು. ನಕ್ಕ ಮೇಲೆ ನಂಬಿತು.

ರಾಜೇಶ್ವರಮ್ಮ ಬಸ್ಸು ನಿಲ್ಲುವ ಕಡೆ ಊಟದ ಮನೆ ಇಟ್ಟುಕೊಂಡವಳು. ಮುಚ್ಚಿಬಿಡುತ್ತೇನೆಂದು ಹಟ ಹಿಡಿದಿದ್ದಳು. ಗುತ್ಯಪ್ಪ ಅವಳ ಒರಳುಕಲ್ಲಿನ ಗುಳಿಗೆ ಕೈಯಿಟ್ಟು ನೋಡಿ, "ಇದಕ್ಕೇನೂ ಆಗಿಲ್ಲ, ಸುಸ್ತಾಗಿರೋದು ನಿನಗ. ಬಸ್ಸು ಬರೋದು ನಾಕಕ್ಕ, ನೀ ಒಲಿ ಆರಿಸೋದು ಮೂರಕ್ಕ. ಎರಡು ತಾಸು ತಡವಾಗಿ ಹಚ್ಚು" ಎಂದು ಹೊರಟುಹೋಗಿದ್ದ. ಅವಳ ಮನೆಯಲ್ಲಿ ಕೊಡಲಿ ಆಡಲಿಲ್ಲ. ಅದಕ್ಕೇ ಈವತ್ತು ಹೆಣದ ಪಾದಕ್ಕೆ ಹಣೆಯಿಟ್ಟು ಅತ್ತವರಲ್ಲಿ ಅವಳೇ ಮೊದಲನೆಯವಳು.

*

ಮೂರು ವರ್ಷದ ಹಿಂದೆ, ಐವತ್ತಾರರ ಶ್ರಾವಣದಲ್ಲಿ, ಬಂಗಾರಪ್ಪ ತಾನೇ ಬಂದು ಗುತ್ಯಪ್ಪನನ್ನು ಜಡೆಗೆ ಕರೆದುಕೊಂಡು ಹೋದ. ಅಣ್ಣ ತಮ್ಮ ಇಬ್ಬರೂ ಸೇರಿ ನಡೆಸುತ್ತಿದ್ದ ಮರದ ಗಾಣ ಅದು. ಸೊರಬದ ಅಂಗಡಿಗಳಿಗೆ ಡಬ್ಬದ ಎಣ್ಣೆ ಬಂದಮೇಲೆ ಗಿರಾಕಿ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಬಂಗಾರಪ್ಪನಿಗೆ ಅಕ್ಕಿ ಗಿರಣಿಯ ಮೇಲೆ ಕಣ್ಣು. ತಮ್ಮ ಗೋಪಾಲಪ್ಪನಿಗೆ ಗಾಣವೇ ಉಸಿರು.

ಗುತ್ಯಪ್ಪ ಗಾಣದ ಬಾಯಿಗೆ ಮುಖ ತಂದು ಮೂಸಿದ. ಒಳಗೆ ಬಿಳಿಯ ಬೂಷ್ಟು. ಎಣ್ಣೆಯ ಪಸೆ ಆರಿ ಮರ ಒಣಗಿತ್ತು. ಎತ್ತು ಸುತ್ತುವ ದಾರಿಯಲ್ಲಿ ಹುಲ್ಲು ಮೊಳೆತಿತ್ತು.

"ಗುತ್ಯಪ್ಪಣ್ಣ, ಅದು ಯಾಕೆ ಹಂಗಾಗಿದೆ ಅಂದ್ರೆ..." ಎಂದು ಗೋಪಾಲಪ್ಪ ಬಾಯಿ ತೆರೆದ.

"ಬಾಯಿ ಮುಚ್ಚು. ನಾ ಮಾತು ಕೇಳೋದು ಮರದ್ದು."

"ಅಲ್ಲ, ಒಂದು ಮಾತು..."

"ಗುತ್ಯಪ್ಪಣ್ಣ ಹೇಳ್ತಿದ್ದಾರಲ್ಲ, ಸುಮ್ಕಿರಾ" ಎಂದು ಬಂಗಾರಪ್ಪ ತಮ್ಮನ ಎದೆಗೆ ನೂಕಿದ. ಗುತ್ಯಪ್ಪನಿಗೆ ಗೊತ್ತಿಲ್ಲದ್ದು ಇರಬಹುದೆಂದು ಅವನಿಗೆ ಹೊಳೆಯಲೂ ಇಲ್ಲ.

ಗುತ್ಯಪ್ಪ ಬೆರಳು ಒರೆಸಿಕೊಂಡ. "ಇದು ಸತ್ತೈತಿ. ಒಡಿ."

ಮೊದಲ ಏಟಿಗೆ ಗಾಣದ ಬಾಯಂಚಿನ ಒಂದು ಚೂರು ಹಾರಿತು. ಬೀಸಿದ ರಭಸಕ್ಕೆ ಬಂಗಾರಪ್ಪನ ರುಮಾಲು ಬಿಚ್ಚಿ ಕೆಸರಿಗೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಗೋಪಾಲಪ್ಪ ಓಡಿಬಂದು ಗಾಣವನ್ನು ತಬ್ಬಿಕೊಂಡ. ಅವನ ಬಲಗೈ ಬಾಯಂಚಿನ ಮೇಲಿತ್ತು.

"ಕೈ ತೆಗಿ."

"ತೆಗೆಯಲ್ಲ."

"ಕೈ ತೆಗಿಯೋ!"

"ಹೊಡಿ, ನೋಡನ."

ತೆಗೆಯುತ್ತಾನೆ ಎಂದುಕೊಂಡೇ ಬಂಗಾರಪ್ಪ ಹೊಡೆದ. ಅವನು ತೆಗೆಯಲಿಲ್ಲ. ಮಣಿಕಟ್ಟಿನಿಂದ ಆಚೆಗಿನ ಕೈ ಹಿಂಡಿ ಬೀಳುವ ಜಾಗಕ್ಕೆ ಹೋಗಿ ಬಿತ್ತು. ಗೋಪಾಲಪ್ಪ ಕಿರುಚಲಿಲ್ಲ, ಬಿದ್ದ ಕೈಯನ್ನು ಯಾರದೋ ವಸ್ತುವಿನಂತೆ ನೋಡುತ್ತ ನಿಂತ. ಕಿರುಚಿದವನು ಬಂಗಾರಪ್ಪ. ಗುತ್ಯಪ್ಪ ತನ್ನ ಪಂಚೆಯನ್ನೇ ಹರಿದು ಕಟ್ಟಿ, ಸೊರಬದ ಡಾಕ್ಟರ ತನಕ ಗಾಡಿಯಲ್ಲಿ ಕೂತು ಹೋದ. ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ.

ಗಿರಣಿ ಬಂತು, ನಡೆಯಿತು. ಆನವಟ್ಟಿ ಕಡೆಯ ಗಾಣಗಳೂ ನಿಲ್ಲಲಿಲ್ಲ, ತಿರುಗುತ್ತಲೇ ಇದ್ದವು. ಬಂಗಾರಪ್ಪನಿಗೆ ಉಣ್ಣುವಾಗ ಎದುರಿಗೆ ತಮ್ಮ ಎಡಗೈಯಲ್ಲಿ ಮುದ್ದೆ ಮುರಿಯುವುದು ಕಾಣುತ್ತಿತ್ತು. ಸತ್ತಿದ್ದನ್ನು ಒಡೆಯಲು ಹೋಗಿ ಕಡಿದೆನೋ, ಬದುಕಿದ್ದನ್ನು ಒಡೆಯಲು ಹೋಗಿ ಕಡಿದೆನೋ? ಇದನ್ನು ಕೇಳಲು ಆರು ಸಲ ಶಿಕಾರಿಪುರಕ್ಕೆ ಬಂದ. ಆರು ಸಲವೂ ಗುತ್ಯಪ್ಪ ಅವನಿಗೆ ಕಾಫಿ ಕೊಡಿಸಿ, ಗಾಲಿಯ ಕೆಲಸದಲ್ಲಿ ಮುಖ ಹುದುಗಿಸಿ, ಬಸ್ಸಿನ ಹೊತ್ತಾಯಿತೆಂದು ಕಳಿಸಿಬಿಟ್ಟ.

*

"ಅವ್ವ, ಸತ್ತಿತ್ತು ಅಂತ ಹೇಳಿಬಿಡು" ಎಂದ ಹುಚ್ಚರಾಯಪ್ಪ. ಡ್ರೈವರುಗಳು ಇನ್ನೂ ಅವನ ತೋಳು ಹಿಡಿದುಕೊಂಡಿದ್ದರು. "ನಿನ್ನ ಮಾತಾದ್ರೂ ಕೇಳಿ ತೊಲಗ್ಲಿ."

ಹೆಣದ ಪಕ್ಕದಲ್ಲಿ ಕೂತಿದ್ದ ದುರ್ಗಮ್ಮ ಮಗನನ್ನು ನೋಡಲಿಲ್ಲ. ಮುಡಿಯ ತುಂಬ ಹೂವು ಮುಡಿಸಿದ್ದರು. ಆ ಹೂವಿನ ಭಾರಕ್ಕೆ ತಲೆ ಒಂದು ಕಡೆ ವಾಲಿತ್ತು.

"ಸುಳ್ಳು ಹೇಳಂಗಿದ್ರ ಬೆಳಿಗ್ಗೇನೇ ಹೇಳ್ತಿದ್ದೆ" ಎಂದಳು. "ಬಂಗಾರಪ್ಪ, ಹತ್ರ ಬಾ. ಕೊಡ್ಲಿ ಇದ್ರೂ ಇರ್ಲಿ."

ಬಂಗಾರಪ್ಪ ಜಗಲಿಯ ಮೆಟ್ಟಿಲಿಗೆ ಬಂದ. ರಕ್ತ ಗಡ್ಡದಿಂದ ತೊಟ್ಟಿಕ್ಕುತ್ತಿತ್ತು.

"ಅವತ್ತು ನಮ್ಮನೆಯವರು ಜಡೆಯಿಂದ ಬಂದು ಉಣ್ಲಿಲ್ಲ. ನಿನ್ನ ರುಮಾಲು ಬಿತ್ತಂತಲ್ಲ. ಬೋಳಿಸಿದ ತಲಿ ಕಾಣಿಸ್ತಂತ. ಕೂದಲು ಆಗ ತಾನೇ ಮೊಳೀತಿದ್ವಂತ. ನಿಮ್ಮವ್ವ ತೀರ್ಕೊಂಡು..."

"ಹದಿನೆಂಟು ದಿನ ಆಗಿತ್ತು" ಎಂದ ಬಂಗಾರಪ್ಪ.

"ಹ್ಞೂಂ. ಸೂತಕಕ್ಕ ನೀವು ಗಾಣ ನಿಲ್ಸಿದ್ರಿ. ಮಳೆಗಾಲ, ಹದಿನೆಂಟು ದಿನಕ್ಕ ಯಾವ ಮರ ಬೂಷ್ಟು ಹಿಡಿಯಂಗಿಲ್ಲ? ನಿನ್ನ ತಲಿ ನೋಡಿದ ಕೂಡ್ಲೇ ಅವರಿಗೆ ತಿಳೀತು. ಗಾಣ ಬದುಕಿತ್ತು, ಬಂಗಾರಪ್ಪ."

ಯಾರೋ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ದುರ್ಗಮ್ಮ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಹೇಳಲಾರೆನೆಂದು ಅವಳಿಗೆ ಗೊತ್ತಿತ್ತು.

"ತಿಳಿದಿದ್ದು ಮೊದಲನೇ ಏಟಿಗೇ. ಕೈಗೆ ಬಿದ್ದಿದ್ದು ಎರಡನೇದು. ನಡುವೆ ಒಂದು ಮಾತಿಗೆ ಜಾಗ ಇತ್ತು. ನಿಲ್ಸು ಅಂದಿದ್ರ ಆಗ್ತಿತ್ತು. ಅನ್ಲಿಲ್ಲ. ನಾಲ್ಕು ಮಂದಿ ಮುಂದ ತಪ್ಪಾತು ಅಂದ್ರ ಇನ್ನ ನನ್ನ ಮಾತು ಯಾರು ಕೇಳ್ತಾರ ಅನ್ನಿಸ್ತಂತ. ನಾನು ಇರೋತನಕ ಯಾರಿಗೂ ಹೇಳಬ್ಯಾಡ ಅಂದಿದ್ರು. ಈಗ ಅವರಿಲ್ಲ."

ಹುಚ್ಚರಾಯಪ್ಪ ಡ್ರೈವರುಗಳ ಕೈ ಕೊಡವಿಕೊಂಡು ಗೋಡೆಗೆ ತಲೆ ಬಡಿದುಕೊಂಡ. ಒಂದಲ್ಲ, ಮೂರು ಸಲ. ಸುಣ್ಣದ ಮೇಲೆ ಕೆಂಪು ಗುರುತು ಬಿತ್ತು. ಮಹೇಶ್ವರಪ್ಪ ತನ್ನ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡ. ತಾನು ಒಡೆದ ಗಾಡಿಯ ನೆನಪಾಯಿತೋ ಏನೋ.

ಬಂಗಾರಪ್ಪ ಕೊಡಲಿಯನ್ನು ಎರಡು ಕೈಯಲ್ಲಿ ಹಿಡಿದು ಹೆಣವನ್ನು ನೋಡುತ್ತ ನಿಂತಿದ್ದ. ಕಡಿದೇ ಕಡಿಯುತ್ತಾನೆ ಎಂದುಕೊಂಡರು ಜನ. ಹಾಗೆ ಕಡಿದಿದ್ದರೆ ತಡೆಯುವ ಮನಸ್ಸಿನವರೂ ಅಲ್ಲಿ ಉಳಿದಿರಲಿಲ್ಲ.

"ಅಣ್ಣ."

ಅಂಗಳದ ಬಾಗಿಲಲ್ಲಿ ಗೋಪಾಲಪ್ಪ ನಿಂತಿದ್ದ. ಅಣ್ಣ ಕೊಡಲಿ ಹೊತ್ತು ಹೋದನೆಂದು ತಿಳಿದು ಮುಂದಿನ ಬಸ್ಸಿಗೆ ಬಂದಿದ್ದ. ಎಷ್ಟು ಹೊತ್ತಿನಿಂದ ಅಲ್ಲಿದ್ದನೋ ಯಾರೂ ನೋಡಿರಲಿಲ್ಲ.

"ಕೇಳಿದ್ಯಾ?" ಎಂದ ಬಂಗಾರಪ್ಪ.

"ಅದನ್ನೇ ಅವತ್ತು ಹೇಳಾಕೆ ಬಂದಿದ್ದೆ. ನೀನೇ ನೂಕಿದ್ದು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಬಂಗಾರಪ್ಪ ತಡೆದುಕೊಳ್ಳುತ್ತಿದ್ದನೇನೋ. ಅವನು ನಾಲ್ಕು ಹೆಜ್ಜೆ ನಡೆದು, ಅಂಗಳದ ನಡುವೆ ಬಿದ್ದಿದ್ದ ಮರದ ದಿಮ್ಮಿಯ ಮುಂದೆ ಮೊಣಕಾಲೂರಿದ. ಕೊಡಲಿಯನ್ನು ತಮ್ಮನ ಕಡೆ ನೂಕಿದ. ಬಲಗೈ ಮಣಿಕಟ್ಟನ್ನು ದಿಮ್ಮಿಯ ಮೇಲಿಟ್ಟು ಕಣ್ಣು ಮುಚ್ಚಿದ.

"ಹೊಡಿ, ತಮ್ಮ. ನಾ ತೆಗೆಯಲ್ಲ."

"ಗೋಪಾಲಪ್ಪ, ಬ್ಯಾಡೋ!" ಎಂದು ರಾಜೇಶ್ವರಮ್ಮ ಚೀರಿದಳು.

ಗೋಪಾಲಪ್ಪ ಎಡಗೈಯಲ್ಲಿ ಕೊಡಲಿ ಎತ್ತಿಕೊಂಡ. ಅಣ್ಣನ ಕೈಯ ಪಕ್ಕದಲ್ಲೇ ನಿಂತು, ಚಾಚಿದ ಐದು ಬೆರಳುಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಬಿದಿರಿನ ಹೊರೆಯ ಹತ್ತಿರ ಹೋದ. ಹೊಸದೊಂದು ಗಳು ಎಳೆದು, ಅದನ್ನು ಕಾಲಿನಿಂದ ಅದುಮಿ ಹಿಡಿದು, ಚಟ್ಟದ ಅಳತೆಗೆ ಕಡಿಯಲು ಶುರುಮಾಡಿದ. ಒಂದೇ ಕೈ, ಅದೂ ಎಡಗೈ. ಒಂದು ಗಳುವಿಗೆ ಏಳೆಂಟು ಏಟು ಬೇಕಾದವು. ಒಂದೊಂದು ಏಟಿಗೂ ಬಂಗಾರಪ್ಪನ ಭುಜ ಅದುರುತ್ತಿತ್ತು. ಕೈ ಮಾತ್ರ ಅಲುಗಲಿಲ್ಲ.

ಚಟ್ಟ ಕಟ್ಟಿ ಮುಗಿಸಿದರು. ಹುಚ್ಚರಾಯಪ್ಪ ಹಣೆಯ ರಕ್ತ ಒರೆಸಿಕೊಂಡು ಬೆಂಕಿಯ ಮಡಕೆ ಹಿಡಿದ. ಹಲಗೆ ಬಾರಿಸಿದರು. ಗುತ್ಯಪ್ಪನನ್ನು ಎತ್ತಿದರು. ಗೋಪಾಲಪ್ಪ ಕೊಡಲಿಯನ್ನು ಮೊಂಡುಗೈಯ ಕಂಕುಳಲ್ಲಿ ಸಿಕ್ಕಿಸಿಕೊಂಡು ಎಲ್ಲರ ಹಿಂದೆ ನಡೆದ. ಗಂಡಸರೆಲ್ಲ ರಸ್ತೆಗೆ ಇಳಿದರು. ಹಲಗೆಯ ಸದ್ದು ಕೆರೆಯ ಕಡೆ ದೂರವಾಯಿತು.

ಅಂಗಳದಲ್ಲಿ ಬಂಗಾರಪ್ಪ ಇನ್ನೂ ಕಣ್ಣು ಮುಚ್ಚಿಕೊಂಡೇ ಮೊಣಕಾಲೂರಿದ್ದ. ಕೈ ದಿಮ್ಮಿಯ ಮೇಲೆಯೇ ಇತ್ತು.