ಗಾಯವಿಲ್ಲದ ಬೆರಳು

ಕಿಟಕಿಯ ಮೂರನೇ ಗಾಜು ಕೂದಲೆಳೆಯಷ್ಟು ಗಿಡ್ಡ, ಯಾವನೋ ಅವಸರದವನು ಕತ್ತರಿಸಿದ್ದಾನೆ, ತಪ್ಪು ಮುಚ್ಚಲು ಅಂಚಿಗೆ ಹೆಬ್ಬೆರಳು ದಪ್ಪ ಪುಟ್ಟಿ ಮೆತ್ತಿ ಕೈತೊಳೆದುಕೊಂಡಿದ್ದಾನೆ, ಗಾಳಿ ಬಂದಾಗೆಲ್ಲ ಗಾಜು ಕಟಕಟ ಅನ್ನುತ್ತದೆ — ಹೆಡ್‌ಮೇಡಂ ಮಾತಾಡುತ್ತಲೇ ಇದ್ದಾರೆ, ಎದುರು ಕೂತ ಅವನ ಕಣ್ಣು ಗಾಜಿನ ಮೇಲೇ, ಇಪ್ಪತ್ತೆರಡು ವರ್ಷ ಗಾಜು ಕತ್ತರಿಸಿದವನಿಗೆ ಯಾವ ಕೋಣೆಗೆ ಹೋದರೂ ಮೊದಲು ಕಾಣುವುದು ಕಿಟಕಿ, ಆಮೇಲೆ ಮನುಷ್ಯರು, ಇವತ್ತಂತೂ ಮನುಷ್ಯರ ಮುಖ ನೋಡುವ ಧೈರ್ಯವೂ ಇಲ್ಲ. ಪಕ್ಕದ ಕುರ್ಚಿಯಲ್ಲಿ ಮಗಳು, ಹದಿನಾರು ತುಂಬಿದವಳು, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ, ಎದುರಿಗೆ ಯೋಜನೆ ಮೇಡಂ, ಅವರ ಹೆಸರು ಬೇರೇನೋ ಇದೆ, ಓದಲು ಕಷ್ಟಪಡುವ ಮಕ್ಕಳಿಗೆ ಮುಂದೇನು ಎಂದು ಯೋಜನೆ ಬರೆಯುವುದು ಅವರ ಕೆಲಸ, ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಅವರು ಯೋಜನೆ ಮೇಡಂ. ಹತ್ತನೇ ತರಗತಿಯ ಪರೀಕ್ಷೆಗೆ ಕೂರುವವರ ಪಟ್ಟಿಯನ್ನು ಮೊನ್ನೆ ಬೋರ್ಡಿಗೆ ಹಾಕಿದರು, ಮಗಳ ಹೆಸರಿಲ್ಲ. ಅವಳು ಅಕ್ಷರ ಅಕ್ಷರ ಕೂಡಿಸಿಕೊಂಡು ಮೇಲಿಂದ ಕೆಳಗೆ ಮೂರು ಸಲ ಓದಿದಳಂತೆ, ಊಟದ ಹೊತ್ತೆಲ್ಲ ಅದಕ್ಕೇ ಹೋಯಿತಂತೆ, ತನ್ನ ಓದೇ ತಪ್ಪಿರಬೇಕು ಎಂದುಕೊಂಡು ನಾಲ್ಕನೇ ಸಲ ಗೆಳತಿಯಿಂದ ಓದಿಸಿದಳಂತೆ. ತನ್ನ ಓದೇ ತಪ್ಪಿರಬೇಕು — ಈ ಮಾತು ನೆನಪಾದಾಗೆಲ್ಲ ಅವನಿಗೆ ಮೈಯೆಲ್ಲ ಉರಿಯುತ್ತದೆ, ಈ ಮೇಜು ಎತ್ತಿ ಆ ಗಿಡ್ಡ ಗಾಜಿಗೆ ಅಪ್ಪಳಿಸಬೇಕು ಅನಿಸುತ್ತದೆ, ಯಾರ ಮೇಲೆ ಅಷ್ಟು ಸಿಟ್ಟು ಅಂತ ಕೇಳಿದರೆ ಮಾತ್ರ ಅವನ ಬಳಿ ಉತ್ತರವಿಲ್ಲ, ಇದೆ, ಹೇಳುವುದಿಲ್ಲ.

ಆ ಯೋಜನೆಗೆ ಸಹಿ ಮಾಡಿದವನು ಅವನೇ. ಮೂರು ತಿಂಗಳ ಹಿಂದೆ, ಇದೇ ಕುರ್ಚಿ, ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ, ನೀವೊಬ್ಬರೇ ಹೋಗಿ ಬನ್ನಿ, ಏನು ಬರೆದಿದ್ದಾರೆ ಸರಿಯಾಗಿ ನೋಡಿ ಅಂದಿದ್ದಳು, ನೋಡಿದ, ಚೆನ್ನಾಗಿಯೇ ನೋಡಿದ, ಆರು ಹಾಳೆ, ಸಣ್ಣ ಅಕ್ಷರ, ಕೆಳಗೆ ಖಾಲಿ ಗೆರೆ. ಹಾಳೆ ಎದುರಿಗೆ ಬಂತೆಂದರೆ ಅಕ್ಷರಗಳೆಲ್ಲ ಒಂದರ ಮೇಲೊಂದು ಹತ್ತುತ್ತವೆ, ಚಿಕ್ಕಂದಿನಿಂದ ಹಾಗೇ, ಮೇಷ್ಟರು ದಡ್ಡ ಅಂದರು, ಅಪ್ಪ ಸೋಮಾರಿ ಅಂದರು, ಇಬ್ಬರ ಏಟೂ ಒಂದೇ ಥರ ಇತ್ತು. ಅಂಕಿಗಳು ಮಾತ್ರ ಹೇಳಿದಂತೆ ಕೇಳುತ್ತವೆ, ಅದಕ್ಕೇ ಗಾಜು, ಉದ್ದ ಅಗಲ ಸಾಕು, ಅಕ್ಷರದ ಹಂಗಿಲ್ಲ. ಗಿರಾಕಿಯ ವಿಳಾಸ ಬರೆದುಕೊಳ್ಳಬೇಕಾದರೆ ಬಲಗೈಯ ತೋರುಬೆರಳಿಗೆ ಬ್ಯಾಂಡೇಜು, ಗಾಯ ಇರಲಿ ಬಿಡಲಿ ಬ್ಯಾಂಡೇಜು ಇದ್ದೇ ಇರುತ್ತದೆ, ನೀವೇ ಬರೆದುಬಿಡಿ ಸಾರ್, ಕೈ ಕುಯ್ದುಕೊಂಡಿದೆ, ಗಾಜಿನ ಕೆಲಸ ನೋಡಿ. ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. ಹದಿನೆಂಟು ವರ್ಷ ಸಂಸಾರ ಮಾಡಿದ ಹೆಂಡತಿಗೇ ಅವನ ಓದು ನಿಧಾನ ಅಂತ ಗೊತ್ತೇ ಹೊರತು ಬರುವುದೇ ಇಲ್ಲ ಅಂತ ಗೊತ್ತಿಲ್ಲ. ಯೋಜನೆ ಮೇಡಂ ಅವತ್ತು ಅರ್ಧ ಗಂಟೆ ಬೆಣ್ಣೆಯಂಥ ಮಾತಾಡಿದರು, ಮಗಳ ಮೇಲಿನ ಹೊರೆ ಕಡಿಮೆ ಮಾಡೋಣ, ಅವಳಿಗೆ ಒಗ್ಗುವ ದಾರಿ ಹುಡುಕೋಣ, ನೀವೂ ಒಮ್ಮೆ ಓದಿ ನೋಡಿ. ಅವನು ಒಂದೊಂದು ಹಾಳೆಗೂ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಣ್ಣಾಡಿಸಿದ, ನಡುವೆ ಎರಡು ಸಲ ತಲೆ ಅಲ್ಲಾಡಿಸಿದ, ನಾಟಕದಲ್ಲಿ ಅವನನ್ನು ಮೀರಿಸುವವರಿಲ್ಲ, ಸಹಿ ಮಾಡಿದ, ಸಹಿ ಮಾತ್ರ ಸೊಗಸಾಗಿದೆ, ವರ್ಷಗಟ್ಟಲೆ ಅಭ್ಯಾಸ ಮಾಡಿದ್ದು. ಮನೆಗೆ ಹೋಗಿ ಹೆಂಡತಿಗೆ, ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಕೊಡ್ತಾರಂತೆ ಅಂದ. ಅದು ಎಲ್ಲಿಂದ ಬಂತು, ಹೊರೆ ಕಡಿಮೆ ಅಂದದ್ದರಿಂದ ಅವನೇ ಹೊಸೆದುಕೊಂಡದ್ದು.

ಹಾಳೆಯಲ್ಲಿ ಇದ್ದದ್ದು ಬೇರೆ, ಹೆಡ್‌ಮೇಡಂ ಇವತ್ತು ಹೇಳಿದ ಮೇಲೆ ಗೊತ್ತಾಯಿತು, ಪರೀಕ್ಷೆಯೇ ಬೇಡ, ಶಾಲೆಗೆ ಬಂದಿದ್ದಳು ಅಂತ ಒಂದು ಪತ್ರ, ಆಮೇಲೆ ತರಬೇತಿ ಕೇಂದ್ರದಲ್ಲಿ ಸೋಪು ಪ್ಯಾಕ್ ಮಾಡುವ ಕೆಲಸ. ಸೋಪು. ವಿದ್ಯಾರ್ಥಿಯ ಆಸೆ ಅಂತ ಒಂದು ಕಲಂ ಇದೆಯಂತೆ, ಅಲ್ಲೂ ಸೋಪೇ, ಅವಳನ್ನು ಕೇಳಿದವರು ಯಾರು ಅಂತ ಅವನು ಕೇಳಿದ್ದಕ್ಕೆ ಯೋಜನೆ ಮೇಡಂ ತಡಬಡಾಯಿಸಿದರು, ಹೋದ ವರ್ಷದ ಪ್ರತಿಯಲ್ಲಿ ಹೆಸರು ಬದಲಾಯಿಸಿಕೊಂಡೆವು, ಮಕ್ಕಳು ತುಂಬಾ ಇದ್ದಾರೆ, ನಾನು ಒಬ್ಬಳೇ. ಯಾರದೋ ಮಗಳ ಆಸೆ ಬಿಚ್ಚಿ ಇವಳಿಗೆ ತೊಡಿಸಿದ್ದಾರೆ, ಆ ಮಗಳಿಗೂ ಸೋಪಿನ ಆಸೆ ಇತ್ತೋ ಇಲ್ಲವೋ ಯಾರಿಗೆ ಗೊತ್ತು. ಇವಳ ಆಸೆ ಅವನಿಗೆ ಗೊತ್ತು. ಅಕ್ಷರ ಕೂಡುತ್ತಿಲ್ಲ ಅಂತ ಎರಡನೇ ತರಗತಿಯಿಂದ ಮೂರು ಸಲ ಗಂಡ ಹೆಂಡತಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ಕಣ್ಣು ಚಿನ್ನದಂಥದು ಅಂದರು ಡಾಕ್ಟರು ಮೂರು ಸಲವೂ, ಅಲ್ಲಿ ಕಾಯುತ್ತ ಕೂತವಳು ಕನ್ನಡಕದ ಗಾಜು ಉಜ್ಜುವವನನ್ನೇ ನೋಡುತ್ತಿದ್ದಳು, ಮೂರನೇ ಸಲ ಅವನೇ ಕರೆದು ಒಂದು ಗಾಜು ಕೈಗೆ ಕೊಟ್ಟ, ಅವತ್ತೇ ಶುರು, ಕನ್ನಡಕ ಮಾಡೋದಕ್ಕೆ ಎರಡು ವರ್ಷದ ಕೋರ್ಸಿದೆ ಅಪ್ಪ, ಹತ್ತನೇ ಕ್ಲಾಸ್ ಪಾಸಾದ್ರೆ ಸಾಕು. ಅವನೂ ಹಿಗ್ಗಿದ್ದ, ತನ್ನದು ಕಿಟಕಿ ಗಾಜು, ಮಗಳದು ಕಣ್ಣಿನ ಗಾಜು, ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದ. ಅದೇ ಮಗಳು ಓದಲು ಕೂತರೆ ಅವನಿಗೆ ಕೂರಲಾಗುತ್ತಿರಲಿಲ್ಲ, ಅವಳು ಒಂದು ಸಾಲಿನಲ್ಲಿ ಸಿಕ್ಕಿಕೊಂಡು ಒದ್ದಾಡುವಾಗ ಎದೆ ಹಿಂಡುತ್ತಿತ್ತು, ಮತ್ತೆ ಆ ಹಿಂಡುವುದೇ ಸಿಟ್ಟಾಗಿ ಬಾಯಿಗೆ ಬರುತ್ತಿತ್ತು, ಗಮನ ಇಟ್ಟು ಓದೇ, ಮನಸ್ಸೆಲ್ಲಿದೆ ನಿಂಗೆ, ಅಂತ ಗದರಿ ಎದ್ದು ಹೋಗುತ್ತಿದ್ದ. ಎಂಥ ಅಪ್ಪ. ಮೇಷ್ಟರ ಮಾತನ್ನೇ ಜೋಪಾನವಾಗಿ ಇಟ್ಟುಕೊಂಡು ಮಗಳಿಗೆ ಕೊಟ್ಟ.

ಹೆಡ್‌ಮೇಡಂ ಗಡಿಯಾರ ನೋಡುತ್ತಾರೆ. ಇವತ್ತು ಸಾಯಂಕಾಲದ ಒಳಗೆ ಅರ್ಜಿ ಕಳಿಸಿದರೆ ಹೆಸರು ಸೇರಿಸಬಹುದಂತೆ, ಹೆಚ್ಚಿನ ಸಮಯವೂ ಓದಿ ಹೇಳುವವರೂ ಸಿಗಬಹುದಂತೆ, ಆದರೆ ಪೋಷಕರು ಒಪ್ಪಿ ಸಹಿ ಮಾಡಿದ ಯೋಜನೆ, ಸುಮ್ಮನೆ ರದ್ದು ಮಾಡಲು ಬರುವುದಿಲ್ಲ, ಕಾರಣ ಬರೆಯಬೇಕು, ಮನಸ್ಸು ಬದಲಾಯಿತು ಅಂದರೆ ಮೇಲಿನವರು ಒಪ್ಪುವುದಿಲ್ಲ, ಏನು ಕಾರಣ ಬರೆಯಲಿ ಹೇಳಿ. ಗಾಜು ಕಟಕಟ ಅನ್ನುತ್ತದೆ. ಹೇಳು, ಹೇಳು, ಮಗಳ ಎದುರಿಗಾ, ಹೆಂಡತಿಗೆ ಗೊತ್ತಾಗುತ್ತದೆ, ಅಂಗಡಿಗೆ ಗೊತ್ತಾಗುತ್ತದೆ, ನಲವತ್ತಾರು ವರ್ಷ ಕಾಪಾಡಿಕೊಂಡ ಮಾನ, ಥೂ, ಅದೊಂದು ಮಾನವಾ. ಅಷ್ಟರಲ್ಲಿ ಮಗಳು ಕೈ ಚಾಚುತ್ತಾಳೆ, ಆ ಹಾಳೆ ಕೊಡಿ ಮೇಡಂ, ನನ್ನ ಬಗ್ಗೆ ಏನು ಬರೆದಿದೆ ನಾನೇ ಓದ್ತೀನಿ. ಹೆಡ್‌ಮೇಡಂ ಹಾಳೆಗಳನ್ನು ಅವಳ ಕಡೆ ಸರಿಸುತ್ತಾರೆ, ಯೋಜನೆ ಮೇಡಂ ಬಾಗಿ ಅವುಗಳ ಮೇಲೆ ಕೈಯಿಟ್ಟು, ಕೊಡಮ್ಮ, ಬೇಗ ಆಗುತ್ತೆ, ನಾನು ಓದಿ ಹೇಳ್ತೀನಿ ಅನ್ನುತ್ತಾರೆ, ಆಗ ಅವನ ಒಳಗಿನದೆಲ್ಲ ಉಕ್ಕಿ ಬಂತು, ಕೈ ತೆಗೀರಿ ಮೇಡಂ, ಅವಳೇ ಓದ್ಲಿ, ಎಷ್ಟ್ ಹೊತ್ತಾದ್ರೂ ಆಗ್ಲಿ, ಕಾಯ್ರಿ ಸ್ವಲ್ಪ.

ಕಾಯುತ್ತಾರೆ. ಮಗಳು ಕೊನೆಯ ಹಾಳೆ ತಿರುವಿ ಅಕ್ಷರದ ಕೆಳಗೆ ಬೆರಳಿಡುತ್ತಾಳೆ, ಬೆರಳು ಸರಿಯುತ್ತದೆ, ನಿಲ್ಲುತ್ತದೆ, ಹಿಂದೆ ಹೋಗುತ್ತದೆ, ಮತ್ತೆ ಸರಿಯುತ್ತದೆ, ವಿದ್ಯಾರ್ಥಿನಿಗೆ, ಸೋಪು, ತರಬೇತಿ, ಒಂದೊಂದಕ್ಕೂ ಬೆವರು, ಅವನು ಆ ಬೆರಳನ್ನೇ ನೋಡುತ್ತಾನೆ, ಎದ್ದು ಹೋಗುವುದಿಲ್ಲ, ಈ ಸಲ ಎದ್ದು ಹೋಗುವುದಿಲ್ಲ, ಬೆರಳು ಕೊನೆಯ ಸಾಲಿಗೆ ಬರುತ್ತದೆ, ಪೋ, ಪೋಷ, ಪೋಷಕರು, ಈ ಯೋಜನೆಯನ್ನು, ಪೂರ್ತಿ, ಓ, ಓದಿ — ಬೆರಳು ನಿಂತಿತು. ಮಗಳು ತಲೆ ಎತ್ತಿದಳು. ಪೂರ್ತಿ ಓದಿದ್ಯಾ ಅಪ್ಪ ನೀನು, ಓದಿ ಸೈನ್ ಹಾಕ್ದ್ಯಾ. ದನಿ ಎತ್ತರಿಸಲಿಲ್ಲ ಅವಳು, ಎತ್ತರಿಸಿದ್ದರೆ ಚೆನ್ನಾಗಿತ್ತು. ಇಲ್ಲ ಮಗಳೇ, ಓದಿಲ್ಲ, ನಂಗೆ ಓದಕ್ಕೆ ಬರಲ್ಲ, ಚಿಕ್ಕೋನಿದ್ದಾಗಿಂದ್ಲೂ ಬರಲ್ಲ, ಬರ್ಕೊಳ್ಳಿ ಮೇಡಂ, ಅದೇ ಕಾರಣ, ದೊಡ್ಡದಾಗಿ ಬರ್ಕೊಳ್ಳಿ. ಹೆಡ್‌ಮೇಡಂ ಪೆನ್ನಿನ ಮುಚ್ಚಳ ತೆಗೆದ ಸದ್ದು, ಬೇರೆ ಹಾಳೆ ಎಳೆದುಕೊಂಡ ಸದ್ದು, ಬರೆಯುವ ಸದ್ದು, ಗೆದ್ದಂತೆಯೇ ಅಲ್ಲವೇ, ಹೆಸರು ಸೇರುತ್ತದೆ, ಅವನು ಮಗಳ ಕಡೆ ತಿರುಗಬೇಕು, ಏನಾದರೂ ಹೇಳಬೇಕು, ಹೋಮ್‌ವರ್ಕು, ಗದರಿದ್ದು, ಎದ್ದು ಹೋದದ್ದು, ಅವಳೂ ಈಗ ಅದನ್ನೇ ಒಂದೊಂದಾಗಿ ಕೂಡಿಸಿಕೊಳ್ಳುತ್ತಿದ್ದಾಳೆ, ಅವಳ ಮುಖ ನೋಡಲಾಗದೆ ಅವನು ನೋಡುವುದು ಆ ಬೆರಳನ್ನು, ಓದಿ ಅನ್ನುವ ಪದದ ಕೆಳಗೆ, ಉಗುರಿನ ತುದಿ ಬೆಳ್ಳಗಾಗುವಷ್ಟು ಒತ್ತಿಕೊಂಡಿದೆ, ಮುಂದೆ ಸರಿಯುತ್ತಿಲ್ಲ, ಹಿಂದೆ ಬರುತ್ತಿಲ್ಲ, ಬೆರಳು, ಅಲ್ಲೇ.