ಕರಡಿಗೆಯ ನೆರಳು

ಬೆನ್ನೆಲುಬಿನ ರೋಗ ಪತ್ತೆ ಮಾಡುವ ಯಂತ್ರಕ್ಕೆ ಪಾಠ ಹೇಳಿದವಳು ನಮ್ಮ ವೈಶಾಲಿಯೇ. ಮುಂಬೈಯ ಮಲಾಡಿನ ಆಫೀಸಿನಲ್ಲಿ ಮೂರು ವರ್ಷ ಕೂತು ಸಾವಿರಾರು ಎಕ್ಸ್-ರೇಗಳ ಮೇಲೆ ಗುರುತು ಹಾಕಿದ್ದಳು: ಈ ಎಲುಬು ಕೆಟ್ಟಿದೆ, ಇದು ನೆಟ್ಟಗಿದೆ. ಅವಳ ಗುರುತುಗಳನ್ನೇ ನೋಡಿ ನೋಡಿ ಯಂತ್ರ ಕಲಿಯಿತು.

ಕೆಲವು ಚಿತ್ರಗಳಲ್ಲಿ ಎದೆಯ ನಟ್ಟನಡುವೆ, ಬೆನ್ನೆಲುಬಿನ ಮೇಲೇ, ಒಂದು ಬಿಳಿ ಗುಂಡು ನೆರಳಿರುತ್ತಿತ್ತು. ಜೊತೆಯವರು ತಲೆ ಕೆರೆದುಕೊಂಡರು. ವೈಶಾಲಿಗೆ ಮಾತ್ರ ನಗು. ಅದು ಇಷ್ಟಲಿಂಗವಿಟ್ಟ ಬೆಳ್ಳಿಯ ಕರಡಿಗೆ. ಅವಳ ಅವ್ವ ಶರಣವ್ವನ ಕೊರಳಲ್ಲೂ ಇದೆ, ಸ್ನಾನಕ್ಕೂ ತೆಗೆಯುವುದಿಲ್ಲ. “ಅರೇ, ಯೇ ತೋ ಹಮಾರೇ ಲೋಗ್ ಹೈಂ!” ಎಂದು, ಇವರೆಲ್ಲ ನಮ್ಮವರೇ ಎಂಬಂತೆ ಬೀಗಿದ್ದಳು. ನೆರಳಿನ ಹಿಂದಿನ ಎಲುಬು ಕಾಣುತ್ತಿರಲಿಲ್ಲ. ಕಾಣುವುದಿಲ್ಲ ಎಂದು ಬರೆಯಲು ಜಾಗವಿರಲಿಲ್ಲವೇ? ಇತ್ತು. ಬರೆದರೆ ಮೇಲಿನವರು ಹತ್ತು ಪ್ರಶ್ನೆ ಕೇಳುತ್ತಿದ್ದರು. ಗೊತ್ತಿರುವ ನೆರಳು ತಾನೇ ಎಂದು ‘ದೋಷವಿಲ್ಲ’ ಒತ್ತಿದಳು. ಒಂದು ಸಲವಲ್ಲ, ನೂರಾರು ಸಲ.

ಈ ವರ್ಷ ಶರಣವ್ವನಿಗೆ ಬೆನ್ನುನೋವು ಶುರುವಾಯಿತು. ಘಾಟ್ಕೋಪರಿನ ಎಕ್ಸ್-ರೇ ಸೆಂಟರಿನಲ್ಲಿ ಅದೇ ಯಂತ್ರ. ವರದಿ ‘ದೋಷವಿಲ್ಲ’ ಎಂದಿತು. ವೈಶಾಲಿ ಕಣ್ಣುಮುಚ್ಚಿ ನಂಬಿ, ತಿಂಗಳಿಡೀ ಅವ್ವನ ಬೆನ್ನಿಗೆ ಮುಲಾಮು ತಿಕ್ಕಿದಳು. ಒಂದು ಬೆಳಿಗ್ಗೆ ಶರಣವ್ವ, “ಯವ್ವಾ, ಕಾಲಾಗ ಚಪ್ಪಲಿ ಐತೋ ಇಲ್ಲೋ ತಿಳೀವಲ್ದು” ಎಂದಳು.

ವೈಶಾಲಿ ಆಗ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದಳು. ನಟ್ಟನಡುವೆ ಬಿಳಿ ಗುಂಡು ನೆರಳು. ಯಂತ್ರ ಅವ್ವನ ಎಲುಬನ್ನು ನೋಡೇ ಇರಲಿಲ್ಲ. ಗುರು ಕಲಿಸಿದಂತೆ, ನೆರಳು ಕಂಡೊಡನೆ ಪಾಸು ಮಾಡಿತ್ತು.

ಅದೇ ದಿನ ಮತ್ತೆ ಸೆಂಟರಿಗೆ ಓಡಿದರು. “ಅವ್ವಾ, ಸಿಟ್ಟಿಗೇಳಬ್ಯಾಡ... ಲಿಂಗ ಎರಡು ಮಿನಿಟ್ ತೆಗೀತೀ?” ಎಂದು ವೈಶಾಲಿ ಹೆದರುತ್ತಲೇ ಕೇಳಿದಳು.

“ತೆಗ್ಯೂದ್ಯಾಕ? ದಿನಾ ಪೂಜಿಗೆ ಅಂಗೈಯಾಗ ಹಿಡೀತೇನಲ್ಲ, ಹಂಗ ಕರಡಿಗಿನೂ ಬಾಜೂಕ ಹಿಡೀತೇನಿ. ದಾರ ಕೊಳ್ಳಾಗ ಇರತೈತಿ. ಮೊದಲ ಯಾರರ ಕೇಳಿದ್ರೇನು?”

ಇಷ್ಟೇ! ಇಷ್ಟು ಸುಲಭದ ಮಾತನ್ನು ಮೂರು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ.

ನೆರಳು ಸರಿದ ಜಾಗದಲ್ಲಿ ಎರಡು ಎಲುಬುಗಳನ್ನು ಕ್ಷಯ ತಿಂದಿತ್ತು. ಇನ್ನು ಹದಿನೈದು ದಿನ ಬಿಟ್ಟಿದ್ದರೆ ಕಾಲು ಹೋಗುತ್ತಿದ್ದವು ಎಂದರು ಡಾಕ್ಟರು. ಆಪರೇಷನ್ ಆಯಿತು. ಶರಣವ್ವ ಗೋಡೆ ಹಿಡಿದು ನಡೆಯತೊಡಗಿದಳು.

ವೈಶಾಲಿ ಆಫೀಸಿನಲ್ಲಿ ತಪ್ಪೊಪ್ಪಿಕೊಂಡಳು, ಯಂತ್ರವನ್ನು ನಿಲ್ಲಿಸಿದರು. ಆದರೆ ಕೆಲಸಕ್ಕಿಳಿದ ಎಂಟು ತಿಂಗಳಲ್ಲಿ ಅದು ಪಾಸು ಮಾಡಿದ ಗುಂಡು ನೆರಳುಗಳು ಇನ್ನೂರ ಹದಿನಾರು. ರೋಗಿಗಳ ಗುಟ್ಟು ಕಾಯಲೆಂದು, ಆಫೀಸಿಗೆ ಬರುವ ಚಿತ್ರಗಳಿಂದ ಹೆಸರು, ಊರು ಎಲ್ಲ ಮೊದಲೇ ಅಳಿಸಿದ್ದರು. ಸೆಂಟರುಗಳಿಗೆ ಪತ್ರ ಹೋದವು. ಉತ್ತರ ಬಂದದ್ದು ಎರಡು ಕಡೆಯಿಂದ. ಈಗ ಹಂಚಿನ ಮೇಲಿನ ರೊಟ್ಟಿ ನೋಡಿದರೂ ಅವಳಿಗೆ ಅದೇ ನೆರಳು. ಲೋಕಲ್ ರೈಲಿನಲ್ಲಿ ಯಾರ ಕೊರಳಲ್ಲಿ ಲಿಂಗದ ಶಿವದಾರ ಕಂಡರೂ ಅವರು ಇಳಿದು ಹೋಗುವವರೆಗೆ ಕಾಲುಗಳನ್ನೇ ನೋಡುತ್ತಾಳೆ.

ಒಂದು ಸಂಜೆ ಅವ್ವನ ಮುಂದೆ ಎಲ್ಲ ಹೇಳಿ ಅತ್ತಳು. ಶರಣವ್ವ ಬೈಯಲಿಲ್ಲ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಳು.

“ಅವರಿಗೂ ಮಗಳು ಇರತಾಳ ನೋಡು,” ಎಂದಳು. “ರಿಪೋರ್ಟ್ ನಂಬಿ, ಈಗ ಮುಲಾಮು ತಿಕ್ಕಾಕತ್ತಿರತಾಳ.”